ಕಂಪನಿ ಬಿಟ್ಟು ಸ್ವಂತವಾಗಿ ಕಾಸ್ಟಿಂಗ್ ಶುರು ಮಾಡೋಣ ಅಂತಿದ್ದೀನಿ, ಒಳಗಿರೋರು ಬಣ್ಣ ಕಟ್ಟದೆ ಹೇಳಿ

ಮೂರನೇ ಟೇಕ್

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಒಂದು ಕಾಸ್ಟಿಂಗ್ ಕಂಪನಿಯಲ್ಲಿ, ಅಂದ್ರೆ ಸಿನಿಮಾ, ಜಾಹೀರಾತಿನ ಪಾತ್ರಗಳಿಗೆ ನಟರನ್ನ ಹುಡುಕಿಕೊಡೋ ಕಡೆ, ಅಸಿಸ್ಟೆಂಟ್ ಆಗಿದ್ದೀನಿ. ಮೊದಲ ವರ್ಷ ಪೂರ್ತಿ ಬಾಗಿಲ ಹತ್ತಿರ ನಿಂತು ಬಂದವರ ಹೆಸರು, ಎತ್ತರ, ಫೋನ್ ನಂಬರ್ ಬರ್ಕೊಂಡಿದ್ದೇ ಕೆಲಸ. ಆಮೇಲೆ ಕ್ಯಾಮೆರಾ. ಆಮೇಲೆ ಆಡಿಷನ್‌ಗೆ ಬಂದವರ ಎದುರು ಕೂತು ಡೈಲಾಗ್ ಓದೋದು. ಈಗ ಜಾಹೀರಾತುಗಳ ಮೊದಲ ಸುತ್ತಿನ ಶಾರ್ಟ್‌ಲಿಸ್ಟ್ ಬಹುತೇಕ ನಾನೇ ಮಾಡ್ತೀನಿ, ಹೆಸರು ಮಾತ್ರ ಬೇರೆಯವರದ್ದು.

ಹೋದ ತಿಂಗಳು, ಮೊದಲ ಸಿನಿಮಾ ಮಾಡ್ತಿರೋ ನಿರ್ದೇಶಕರೊಬ್ಬರು "ನೀವೇ ಸ್ವಂತವಾಗಿ ಮಾಡಿಕೊಡಿ" ಅಂದ್ರು. ಮೂವತ್ತೆಂಟು ಪಾತ್ರ, ಅದರಲ್ಲಿ ಹನ್ನೊಂದು ಮುಖ್ಯ. ಒಪ್ಪಿಕೊಂಡ್ರೆ ಕೆಲಸ ಬಿಡಬೇಕು. ಇದು ಮುಗಿದ ಮೇಲೆ ಮುಂದಿನದು ಎಲ್ಲಿಂದ ಬರುತ್ತೆ ಗೊತ್ತಿಲ್ಲ. ಕಂಪನಿಯ ನಟರ ಪಟ್ಟಿ ಕಂಪನಿಯದ್ದು, ಅದನ್ನ ಮುಟ್ಟೋ ಹಾಗಿಲ್ಲ. ಹಾಗಾದ್ರೆ ನನ್ನ ಹತ್ತಿರ ಇರೋದೇನು? ಒಂದು ಲ್ಯಾಪ್‌ಟಾಪ್, ಒಂದು ಟ್ರೈಪಾಡ್, ಒಂದಷ್ಟು ನೆನಪು.

ಒಪ್ಪಿಕೊಳ್ಳಲಾ?

ಗಾಳಿಮಾತು

ಮೊದಲು ನೆಂಟರ ನಂಬರ್ ಎಲ್ಲ ಮ್ಯೂಟ್ ಮಾಡಿ ಬ್ರೋ. "ನಮ್ಮ ಮಗನಿಗೊಂದು ಚಾನ್ಸ್" ಅನ್ನೋ ಫೋನು ಸೋಮವಾರದಿಂದಲೇ ಶುರು.

ಮೂರನೇ ಟೇಕ್

ಬ್ರೋ ಅಲ್ಲ, ಸಿಸ್ :) ಫೋನು ಆಗಲೇ ಶುರುವಾಗಿದೆ. ಚಿಕ್ಕಮ್ಮನ ಅಳಿಯನ ಫೋಟೋ ಬಂದಿದೆ, ಕಪ್ಪು ಕನ್ನಡಕ ಹಾಕ್ಕೊಂಡು ಬೈಕ್‌ಗೆ ಒರಗಿರೋದು.

ಹಳೇ ರಿಜಿಸ್ಟರ್

ನೆನಪನ್ನ ಪಟ್ಟಿಯ ಕೊನೆಗೆ ಬರೆದಿದ್ದೀರಿ ಮೇಡಂ. ಮೊದಲು ಬರೀಬೇಕಿತ್ತು.

ನಾನು ಈ ಕೆಲಸಕ್ಕೆ ಬಂದಾಗ ಫೋಟೋಗಳನ್ನ ದಪ್ಪ ರಿಜಿಸ್ಟರ್‌ನಲ್ಲಿ ಅಂಟಿಸಿ ಇಡ್ತಿದ್ದೆವು, ಅದಕ್ಕೇ ಈ ಹೆಸರು. ಆ ರಿಜಿಸ್ಟರ್ ಮೊದಲ ಕಂಪನಿಯಲ್ಲೇ ಉಳೀತು. ಹೊರಗೆ ಬಂದು ಮೊದಲ ಸ್ಕ್ರಿಪ್ಟ್ ಓದೋವಾಗ ಗೊತ್ತಾಯ್ತು, ನನಗೆ ಬೇಕಾದವರು ಯಾರೂ ಅದರಲ್ಲಿ ಇರಲೇ ಇಲ್ಲ. ಬೇಕಾದವರು ಅಂದ್ರೆ, ಬೇರೆ ಯಾವುದೋ ಪಾತ್ರಕ್ಕೆ ಬಂದು, ಆಯ್ಕೆ ಆಗದೆ, ಆದ್ರೆ ಒಂದು ಸಾಲು ಮಾತ್ರ ಬೇರೆಯವರಿಗಿಂತ ಬೇರೆ ಥರ ಹೇಳಿ ಹೋದವರು. ಅವರ ಹೆಸರಿನ ಮುಂದೆ ರಿಜಿಸ್ಟರ್‌ನಲ್ಲಿ "ಇಲ್ಲ" ಅಂತ ಇತ್ತು. ನನ್ನ ತಲೆಯಲ್ಲಿ ಆ ಸಾಲು ಇತ್ತು. ಹಾಗಾಗಿ ಇವತ್ತಿಂದಲೇ ಒಂದು ಅಭ್ಯಾಸ ಮಾಡ್ಕೊಳ್ಳಿ. ಯಾರನ್ನೇ ಬೇಡ ಅಂದ್ರೂ ಯಾಕೆ ಬೇಡ, ಮತ್ತೆ ಯಾವುದಕ್ಕೆ ಬೇಕಾಗಬಹುದು ಅಂತ ಒಂದು ಸಾಲು ಬರೆದಿಡಿ. "ಎತ್ತರ ಜಾಸ್ತಿ" ಅಂತ ಬರೆದ್ರೆ ಉಪಯೋಗ ಇಲ್ಲ. "ಸುಳ್ಳು ಹೇಳೋವಾಗ ನಗ್ತಾನೆ, ಅದು ಚೆನ್ನಾಗಿದೆ" ಅಂತ ಬರೆದಿದ್ರೆ ಮೂರು ವರ್ಷ ಆದ್ಮೇಲೂ ಕೈ ಹಿಡಿಯುತ್ತೆ.

ಸಿನಿಮಾಗೆ ಬರೋಣ. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಯಾರ ಮುಖವನ್ನೂ ಯೋಚಿಸಬೇಡಿ. ಕಷ್ಟ, ಆದ್ರೂ ಬೇಡ. ಮೊದಲ ಓದು ಪ್ರೇಕ್ಷಕರ ಥರ. ಎರಡನೇ ಓದಿಗೆ ಪಟ್ಟಿ: ಪಾತ್ರ, ವಯಸ್ಸಿನ ಅಂದಾಜು, ಎಷ್ಟು ದೃಶ್ಯ, ಎಷ್ಟು ದಿನದ ಶೂಟಿಂಗ್, ಯಾರ ಜೊತೆ ಕಾಣಿಸ್ತಾರೆ. ಈ ಕೊನೆಯದನ್ನ ಬಹಳ ಜನ ಬಿಡ್ತಾರೆ. ಪಾತ್ರಗಳನ್ನ ಒಂದೊಂದಾಗಿ ಹುಡುಕಿದ್ರೆ ಹನ್ನೊಂದು ಒಳ್ಳೇ ನಟರು ಸಿಗ್ತಾರೆ, ಒಂದು ಮನೆ ಸಿಗಲ್ಲ. ಅಪ್ಪ-ಮಗ ಅಂದ್ರೆ ಮೂಗು ಒಂದೇ ಥರ ಇರಬೇಕಾಗಿಲ್ಲ, ಸಿಟ್ಟು ಬಂದಾಗ ಇಬ್ಬರೂ ಸುಮ್ಮನಾಗೋ ರೀತಿ ಒಂದೇ ಆಗಿದ್ರೆ ಸಾಕು. ಅದಕ್ಕೇ ಮುಖ್ಯ ಪಾತ್ರಗಳನ್ನ ಜೋಡಿ ಜೋಡಿಯಾಗಿ ಕೂರಿಸಿ ಓದಿಸಿ. ಒಬ್ಬರನ್ನ ಪಕ್ಕಾ ಮಾಡಿ ಇನ್ನೊಬ್ಬರನ್ನ ಅವರಿಗೆ ಹೊಂದಿಸೋಕೆ ಹೋದ್ರೆ ಎಷ್ಟೋ ಸಲ ಮೊದಲಿನವರೇ ತಪ್ಪು ಅಂತ ಗೊತ್ತಾಗುತ್ತೆ, ಅಷ್ಟೊತ್ತಿಗೆ ಅಡ್ವಾನ್ಸ್ ಹೋಗಿರುತ್ತೆ.

ಆಡಿಷನ್‌ಗೆ ಯಾವ ದೃಶ್ಯ ಕೊಡ್ತೀರಿ ಅನ್ನೋದರಲ್ಲೇ ಅರ್ಧ ಕೆಲಸ. ಹೊಸಬರು ಅಳೋದು, ಕೂಗಾಡೋದು ಇರೋ ದೃಶ್ಯ ಕೊಡ್ತಾರೆ. ಅಳೋಕೆ ಬಹಳ ಜನಕ್ಕೆ ಬರುತ್ತೆ. ಎದುರಿನವರ ಮಾತು ಕೇಳಿಸ್ಕೊಳ್ಳೋಕೆ ಬರೋದು ಕೆಲವರಿಗೆ. ಎರಡೇ ಪುಟ ಕೊಡಿ, ಪಾತ್ರ ಹೆಚ್ಚು ಕೇಳಿಸ್ಕೊಳ್ಳೋ ದೃಶ್ಯ ಇರಲಿ. ಎದುರು ಓದೋರು ಚಪ್ಪಟೆಯಾಗಿಯೂ ಓದಬಾರದು, ತಾವೇ ನಟಿಸೋಕೂ ಶುರು ಮಾಡಬಾರದು. ನೀವು ಎದುರು ಕೂತು ಓದಿದ್ದೀರಿ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದು ಟೇಕ್ ಆದ್ಮೇಲೆ ಚೆನ್ನಾಗಿ ಬಂದಿದ್ರೂ ಏನಾದ್ರೂ ಬದಲಾಯಿಸಿ ಹೇಳಿ: "ಇದನ್ನೇ, ಪಕ್ಕದ ರೂಮಲ್ಲಿ ಮಗು ಮಲಗಿದೆ ಅಂದ್ಕೊಂಡು ಮಾಡಿ." ಎರಡನೇ ಟೇಕ್ ಮೊದಲಿನದಕ್ಕಿಂತ ಚೆನ್ನಾಗಿರಲೇಬೇಕು ಅಂತಿಲ್ಲ. ಬೇರೆ ಆಗಿದ್ಯಾ ಅಂತ ನೋಡಿ. ಆಗಿಲ್ಲ ಅಂದ್ರೆ ಸೆಟ್‌ನಲ್ಲಿ ನಿರ್ದೇಶಕರು ಹೇಳಿದ್ದೂ ಅವರಿಗೆ ಮುಟ್ಟಲ್ಲ.

ನಿರ್ದೇಶಕರಿಗೆ ನಲವತ್ತು ಆಡಿಷನ್ ಟೇಪ್ ಕಳಿಸಬೇಡಿ. ನಲವತ್ತು ಕಳಿಸಿದ್ರೆ ನೀವು ಆಯ್ಕೆಯನ್ನೇ ಮಾಡಿಲ್ಲ, ಪೋಸ್ಟ್‌ಮನ್ ಕೆಲಸ ಮಾಡಿದ್ದೀರಿ ಅಷ್ಟೇ. ಒಂದು ಪಾತ್ರಕ್ಕೆ ಮೂರು, ಹೆಚ್ಚಂದ್ರೆ ನಾಲ್ಕು. ಅದರಲ್ಲಿ ಒಬ್ಬರು ಸ್ಕ್ರಿಪ್ಟ್‌ನಲ್ಲಿ ಬರೆದಿರೋದಕ್ಕೆ ಪೂರ್ತಿ ವಿರುದ್ಧ ಇರಲಿ. ಹತ್ತರಲ್ಲಿ ಎಂಟು ಸಲ ಬೈಸ್ಕೊಳ್ತೀರಿ. ಉಳಿದ ಎರಡು ಸಲದಿಂದ ನಿಮಗೆ ಹೆಸರು ಬರುತ್ತೆ.

ಜಾಹೀರಾತು ಬೇರೆಯೇ ಲೋಕ, ಆಮೇಲೆ ಬರೀತೀನಿ.

ಬಜೆಟ್ ಶೀಟ್

ನಾನು ಮೇಜಿನ ಆ ಕಡೆಯವನು, ಲೈನ್ ಪ್ರೊಡ್ಯೂಸರ್, ಅಂದ್ರೆ ನಿರ್ಮಾಪಕರ ಪರವಾಗಿ ಶೂಟಿಂಗ್ ಖರ್ಚು ನೋಡ್ಕೊಳ್ಳೋನು. ಕಲೆ ವಿಷಯ ಸರ್ ಹೇಳಿದ್ರು, ನಾನು ದುಡ್ಡಿನ ವಿಷಯ ಹೇಳ್ತೀನಿ, ಯಾಕಂದ್ರೆ ಕಾಸ್ಟಿಂಗ್‌ನವರು ಮೋಸ ಹೋಗೋದು ಅಲ್ಲೇ. ಮೋಸ ಮಾಡೋರು ನಮ್ಮ ಕಡೆಯವರೇ, ಒಪ್ಕೋತೀನಿ.

ನಿಮ್ಮ ಕೆಲಸದ ಒಂದು ಕೆಟ್ಟ ಗುಣ: ಶೂಟಿಂಗ್ ಶುರುವಾಗೋ ಹೊತ್ತಿಗೆ ಅದು ಮುಗಿದಿರುತ್ತೆ. ಮುಗಿದ ಕೆಲಸಕ್ಕೆ ದುಡ್ಡು ಕೊಡೋದು ಪ್ರೊಡಕ್ಷನ್‌ಗೆ ಯಾವಾಗಲೂ ಕೊನೆಯ ನೆನಪು. ಲೈಟ್‌ನವರಿಗೆ ಕೊಡದಿದ್ರೆ ನಾಳೆ ಲೈಟ್ ಬರಲ್ಲ. ನಿಮಗೆ ಕೊಡದಿದ್ರೆ? ನಟರು ಹೇಗೂ ಬರ್ತಾರೆ. ಹಾಗಾಗಿ ಒಟ್ಟು ಫೀಸನ್ನ ಮೂರು ಕಂತು ಮಾಡಿ: ಸಹಿ ಹಾಕಿದ ದಿನ ಒಂದು, ಮುಖ್ಯ ಪಾತ್ರಗಳು ಪಕ್ಕಾ ಆದಾಗ ಒಂದು, ಶೂಟಿಂಗ್ ಮೊದಲ ದಿನಕ್ಕೆ ಮುಂಚೆ ಕೊನೆಯದು. "ಸಿನಿಮಾ ಬಿಡುಗಡೆ ಆದ್ಮೇಲೆ" ಅನ್ನೋ ಕಂತನ್ನ ಒಪ್ಪಲೇಬೇಡಿ. ಬಿಡುಗಡೆ ಆಗದ ಸಿನಿಮಾ ಎಷ್ಟಿವೆ ಅಂತ ನನಗೆ ಗೊತ್ತು, ಅದರಲ್ಲಿ ನನ್ನದೂ ಕೆಲವು.

ಎಷ್ಟು ಪಾತ್ರ ಅನ್ನೋದನ್ನ ಕಾಗದದಲ್ಲಿ ಬರೆಸಿ. ಮೂವತ್ತೆಂಟು ಅಂತ ಶುರುವಾಗಿದ್ದು ಸ್ಕ್ರಿಪ್ಟ್ ತಿದ್ದಿದ ಹಾಗೆ ಐವತ್ತಾಗುತ್ತೆ. ಹಿಂದೆ ಓಡಾಡೋ ಜೂನಿಯರ್ ಆರ್ಟಿಸ್ಟ್‌ಗಳು ನಿಮ್ಮ ಲೆಕ್ಕಕ್ಕೆ ಬರ್ತಾರಾ ಇಲ್ವಾ? ಬರಲ್ಲ ಅಂತಲೇ ಬರೆಸಿ, ಅದಕ್ಕೆ ಬೇರೆ ಕೋಆರ್ಡಿನೇಟರ್ ಇರ್ತಾರೆ. ಆಡಿಷನ್ ಜಾಗದ ಬಾಡಿಗೆ, ಅಸಿಸ್ಟೆಂಟ್ ಸಂಬಳ, ಬೇರೆ ಊರಿಗೆ ಹೋದ್ರೆ ಪ್ರಯಾಣ, ಇದ್ಯಾವುದೂ ಫೀಸಿನೊಳಗೆ ಸೇರಬಾರದು. ಪಕ್ಕಾ ಆದ ನಟ ಬಿಟ್ಟು ಹೋದ್ರೆ ಇನ್ನೊಬ್ಬರನ್ನ ಹುಡುಕಿಕೊಡೋದು ನಿಮ್ಮ ಜವಾಬ್ದಾರಿ, ಸರಿ. ಆದ್ರೆ ನಿರ್ಮಾಪಕರು ಮನಸ್ಸು ಬದಲಾಯಿಸಿದ್ರೆ ಅದು ಹೊಸ ಕೆಲಸ. ಈ ಎರಡರ ನಡುವೆ ಗೆರೆ ಎಳೆಯದೆ ಸಹಿ ಹಾಕಬೇಡಿ.

ಇನ್ನೊಂದು. ಪರದೆ ಮೇಲೆ ಹೆಸರು ಹೇಗೆ ಬರುತ್ತೆ, ಒಂಟಿಯಾಗಿಯಾ ಬೇರೆಯವರ ಜೊತೆಯಾ, ಅದೂ ಕಾಗದದಲ್ಲೇ ಇರಲಿ. ಬಾಯಿಮಾತಲ್ಲಿ ಕೊಟ್ಟ ಕ್ರೆಡಿಟ್ ಎಡಿಟಿಂಗ್ ಟೇಬಲ್ ದಾಟಲ್ಲ.

ಕಪ್ಪು ಬಿಳುಪು

ಕ್ರೆಡಿಟ್ ಮಾತು ಬಂತಲ್ಲ, ಸ್ವಲ್ಪ ಹಳೇ ಕಥೆ. ಬೇಡದವರು ಮುಂದಕ್ಕೆ ಹೋಗಬಹುದು.

ಹಾಲಿವುಡ್‌ನಲ್ಲಿ ಸ್ಟುಡಿಯೋಗಳು ನಟರನ್ನ ಸಂಬಳಕ್ಕೆ ಇಟ್ಟುಕೊಂಡಿದ್ದ ಕಾಲದಲ್ಲಿ ಈ ಕೆಲಸ ಗುಮಾಸ್ತಿಕೆ. ಒಳಗಿರೋ ಪಟ್ಟಿಯಿಂದ ಈ ವಾರ ಯಾರು ಖಾಲಿ ಇದ್ದಾರೆ ಅಂತ ನೋಡಿ ತುಂಬೋದು. 1950ರ ದಶಕದಲ್ಲಿ ಆ ವ್ಯವಸ್ಥೆ ಕುಸಿದು, ಟಿವಿ ಬಂದ ಮೇಲೆ, ಹೊರಗಿಂದ ಹುಡುಕಿ ತರೋರು ಬೇಕಾದ್ರು. ಲಾಸ್ ಏಂಜಲೀಸ್‌ನಲ್ಲಿ ಲಿನ್ ಸ್ಟಾಲ್‌ಮಾಸ್ಟರ್, ನ್ಯೂಯಾರ್ಕ್‌ನಲ್ಲಿ ಮೇರಿಯನ್ ಡೌಘರ್ಟಿ. ಇವತ್ತು ಸ್ವತಂತ್ರ ಕಾಸ್ಟಿಂಗ್ ಡೈರೆಕ್ಟರ್ ಅಂತ ನಾವು ಯಾರನ್ನ ಕರೀತೀವೋ ಅವರ ಮೊದಲ ತಲೆಮಾರು ಇದು. ಸ್ಟಾಲ್‌ಮಾಸ್ಟರ್‌ಗೆ ಪರದೆ ಮೇಲೆ ಒಂಟಿ ಕ್ರೆಡಿಟ್ ಸಿಕ್ಕಿದ್ದು 1968ರಲ್ಲಿ.

ಡೌಘರ್ಟಿ ಅವರದ್ದು ಇನ್ನೂ ಚೆಂದ. ಜಾನ್ ವಾಯ್ಟ್ ಹೊಸ ಹುಡುಗನಾಗಿದ್ದಾಗ ಅವರು ಒಂದು ಟಿವಿ ಸರಣಿಯ ಕಂತಿಗೆ ಹಾಕಿಸಿದ್ರು, ವಾಯ್ಟ್ ಚೆನ್ನಾಗಿ ಮಾಡಲಿಲ್ಲ, ಆತನೇ ಅದನ್ನ ಒಪ್ಪಿಕೊಂಡ. ಬೇರೆಯವರಾಗಿದ್ರೆ ಹೆಸರು ಹೊಡೆದು ಹಾಕ್ತಿದ್ರು. 1969ರ 'ಮಿಡ್‌ನೈಟ್ ಕೌಬಾಯ್'ಗೆ ಅದೇ ಹುಡುಗನೇ ಆಗಬೇಕು ಅಂತ ಹಠ ಹಿಡಿದವರು ಇವರು. ಆ ಸಿನಿಮಾದಲ್ಲಿ ಡೌಘರ್ಟಿ ಹೆಸರೇ ಇಲ್ಲ. ಹಳೇ ರಿಜಿಸ್ಟರ್ ಸರ್ ಹೇಳಿದ "ಇಲ್ಲ" ಪಕ್ಕದ ಸಾಲು ಅಂದ್ರೆ ಇದೇ ಅಲ್ವಾ?

ಇನ್ನು "ಡೈರೆಕ್ಟರ್" ಅನ್ನೋ ಪದಕ್ಕೇ ಅಲ್ಲಿನ ನಿರ್ದೇಶಕರ ಸಂಘದ ತಕರಾರು ಇತ್ತು. ಅದಕ್ಕೇ ಪರದೆ ಮೇಲೆ "ಕಾಸ್ಟಿಂಗ್ ಬೈ" ಅಂತ ಬರುತ್ತೆ, ಗಮನಿಸಿ. ಅಲ್ಲಿ ಈ ವೃತ್ತಿಯವರ ಸಂಘ, ಕಾಸ್ಟಿಂಗ್ ಸೊಸೈಟಿ ಆಫ್ ಅಮೆರಿಕ, ಹುಟ್ಟಿದ್ದು 1982ರಲ್ಲಿ. ಆಸ್ಕರ್ ಅಕಾಡೆಮಿ ಇವರಿಗೆ ಸ್ವಂತ ಶಾಖೆ ಕೊಟ್ಟಿದ್ದು 2013ರಲ್ಲಿ. ಸ್ಟಾಲ್‌ಮಾಸ್ಟರ್‌ಗೆ ಗೌರವ ಆಸ್ಕರ್ 2016ರಲ್ಲಿ, ಈ ವೃತ್ತಿಯವರಲ್ಲಿ ಅದೇ ಮೊದಲು. ಬ್ರಿಟನ್ನಿನ ಸಿನಿಮಾ ಅಕಾಡೆಮಿ ಬಾಫ್ಟಾ 2020ರಿಂದ ಕಾಸ್ಟಿಂಗ್ ಪ್ರಶಸ್ತಿ ಕೊಡ್ತಿದೆ. ಆಸ್ಕರ್‌ನಲ್ಲಿ ಪ್ರತ್ಯೇಕ ವಿಭಾಗ ಮಾಡ್ತೀವಿ ಅಂತ 2024ರಲ್ಲಿ ಘೋಷಿಸಿದ್ರು, 2025ರ ಸಿನಿಮಾಗಳಿಂದ ಲೆಕ್ಕ. ಡೌಘರ್ಟಿ 2011ರಲ್ಲೇ ತೀರಿಕೊಂಡಿದ್ರು.

ಮೂರನೇ ಟೇಕ್

ಎಲ್ಲರಿಗೂ ಧನ್ಯವಾದ. ಕಾಗದದ ವಿಷಯ ಬರ್ಕೊಂಡೆ, ಮೂರು ಕಂತು ಕೇಳ್ತೀನಿ.

ಮುಜುಗರದ ಪ್ರಶ್ನೆ ಒಂದಿದೆ. ಆ ಸಿನಿಮಾದ ನಿರ್ಮಾಪಕರ ಕಡೆಯವರೊಬ್ಬರು, "ನಮ್ಮ ಬಜೆಟ್ ಕಡಿಮೆ, ನೀವು ನಟರ ಪೇಮೆಂಟ್‌ನಲ್ಲಿ ಪರ್ಸೆಂಟೇಜ್ ತಗೊಳ್ಳಿ, ಎಲ್ಲರೂ ಮಾಡೋದು ಹಾಗೇ" ಅಂದ್ರು. ನಿಜಕ್ಕೂ ಎಲ್ಲರೂ ಹಾಗೇ ಮಾಡ್ತಾರಾ?

ಪಕ್ಕದ ಪಾತ್ರ

ನಾನು ನಟ. ಹದಿಮೂರು ವರ್ಷದಿಂದ ಡಾಕ್ಟರ್, ಪೊಲೀಸ್, ಹೀರೋ ಸ್ನೇಹಿತ, ಇಷ್ಟೇ ಪಾತ್ರ. ನನ್ನ ಕಡೆಯಿಂದ ಕೇಳಿ.

ನನ್ನಿಂದ ಪರ್ಸೆಂಟೇಜ್ ತಗೊಂಡ ದಿನ ನೀವು ನನ್ನ ಕಡೆಯವರಾ, ಅವರ ಕಡೆಯವರಾ? ನನಗೆ ಜಾಸ್ತಿ ಪೇಮೆಂಟ್ ಕೊಡಿಸಿದ್ರೆ ನಿಮಗೂ ಜಾಸ್ತಿ. ಹಾಗಾದ್ರೆ ಕಡಿಮೆ ಪೇಮೆಂಟ್‌ನ, ನನಗಿಂತ ಚೆನ್ನಾಗಿ ಮಾಡೋ ಹೊಸ ಹುಡುಗನನ್ನ ನೀವು ತೋರಿಸೋದೇ ಇಲ್ಲ. ನಾನು ಚೆನ್ನಾಗಿ ಮಾಡಿದೆ ಅಂತ ಆಯ್ಕೆಯಾದ್ನಾ, ಪರ್ಸೆಂಟೇಜ್‌ಗೆ ಹೂಂ ಅಂದೆ ಅಂತಲಾ? ಒಂದು ಸಲ ಈ ಅನುಮಾನ ಬಂದ್ರೆ ನಿಮ್ಮ ಮುಂದೆ ನಿಂತು ನಟಿಸೋಕೆ ಆಗಲ್ಲ. ಅನುಭವದಿಂದ ಹೇಳ್ತಿದ್ದೀನಿ. ಹಾಗೆ ತಗೊಂಡವರು ಇದ್ದಾರೆ, ನಾನೂ ಕೊಟ್ಟಿದ್ದೀನಿ.

ಗಾಳಿಮಾತು

ಒಂದು ನಿಮಿಷ. ಮ್ಯಾನೇಜರ್, ಏಜೆಂಟ್, ಕೋಆರ್ಡಿನೇಟರ್ ಎಲ್ಲರೂ ಕಮಿಷನ್ ತಗೋತಾರೆ. ಅವರಿಗಿಲ್ಲದ ಮಡಿ ಇವರಿಗ್ಯಾಕೆ? ಹೊಟ್ಟೆಪಾಡು ಎಲ್ಲರಿಗೂ ಒಂದೇ ಅಲ್ವಾ.

ಹಳೇ ರಿಜಿಸ್ಟರ್

ಏಜೆಂಟ್ ನಟರ ಪರ. ನಟನಿಗೆ ಕೆಲಸ ಹುಡುಕ್ತಾನೆ, ಪೇಮೆಂಟ್ ಜಗ್ಗಾಡ್ತಾನೆ, ಅದರಲ್ಲಿ ಪಾಲು ತಗೋತಾನೆ, ನ್ಯಾಯ. ಕಾಸ್ಟಿಂಗ್ ಡೈರೆಕ್ಟರ್ ಪ್ರೊಡಕ್ಷನ್ ಪರ, ಪಾತ್ರಕ್ಕೆ ನಟರನ್ನ ಹುಡುಕೋದು. ಇಬ್ಬರ ಕಡೆಯಿಂದಲೂ ತಗೊಳ್ಳೋನು ಎರಡೂ ಕಡೆ ವಕಾಲತ್ತು ಹಾಕಿದ ವಕೀಲನ ಥರ.

ಎಲ್ಲರೂ ಮಾಡ್ತಾರಾ ಅಂದ್ರೆ, ಇಲ್ಲ. ಮಾಡೋರಿದ್ದಾರೆ. ಮೊದಲ ವರ್ಷ ಅವರೇ ಗೆದ್ದಂಗೆ ಕಾಣುತ್ತೆ. ಆದ್ರೆ ಒಳ್ಳೇ ನಟರಿಗೆ ಬೇರೆ ಬಾಗಿಲುಗಳಿರ್ತವೆ, ಅವರು ಇಂಥವರ ಹತ್ತಿರ ಬರೋದು ನಿಲ್ಲಿಸ್ತಾರೆ. ಕೊನೆಗೆ ಉಳಿಯೋದು ಕೊಡೋಕೆ ತಯಾರಿರೋರು ಮಾತ್ರ. ಅವರ ಪಟ್ಟಿ ಇಟ್ಕೊಂಡು ಸಿನಿಮಾ ತುಂಬಿಸಿ ನೋಡಿ.

ಆಡಿಷನ್‌ಗೆ ಫೀಸು, "ರಿಜಿಸ್ಟ್ರೇಷನ್", "ಕಾರ್ಡ್ ಮಾಡಿಸಿ", "ವರ್ಕ್‌ಶಾಪ್‌ಗೆ ಸೇರಿದ್ರೆ ನಿಮ್ಮನ್ನ ನೋಡ್ತೀವಿ" ಅನ್ನೋದೆಲ್ಲ ಇದೇ ಮರದ ಕೊಂಬೆಗಳು. 2017ರಲ್ಲಿ ಲಾಸ್ ಏಂಜಲೀಸ್ ನಗರದ ಸರ್ಕಾರಿ ವಕೀಲರು ಇಂಥ ವರ್ಕ್‌ಶಾಪ್ ನಡೆಸೋರ ಮೇಲೆ, ಅದರಲ್ಲಿ ಭಾಗವಹಿಸಿದ ಕಾಸ್ಟಿಂಗ್‌ನವರ ಮೇಲೂ, ಕ್ರಿಮಿನಲ್ ಕೇಸ್ ಹಾಕಿದ್ರು. ಪಾಠ ಹೇಳಿಕೊಡೋದು ತಪ್ಪಲ್ಲ. ಪಾಠದ ಹೆಸರಲ್ಲಿ ಅವಕಾಶ ಮಾರೋದು ತಪ್ಪು. ಆ ನಿರ್ಮಾಪಕರ ಕಡೆಯವರಿಗೆ ಹೇಳಿ: ಬಜೆಟ್ ಕಡಿಮೆ ಇದ್ರೆ ಪಾತ್ರ ಕಡಿಮೆ ಮಾಡಿ, ಹನ್ನೊಂದು ನಾನು ಮಾಡ್ತೀನಿ, ಉಳಿದದ್ದನ್ನ ನಿರ್ದೇಶನದ ತಂಡ ಮಾಡ್ಕೊಳ್ಳಲಿ. ನಾನು ಎರಡು ಸಲ ಹೀಗೆ ಮಾಡಿದ್ದೀನಿ. ಒಂದು ಸಲ ಒಪ್ಪಿದ್ರು, ಇನ್ನೊಂದು ಸಲ ಫೋನ್ ಎತ್ತೋದೇ ನಿಲ್ಲಿಸಿದ್ರು.

ಗಾಳಿಮಾತು

ವಕಾಲತ್ತಿನ ಮಾತು ಒಪ್ಪಿದೆ ಸರ್. ಆದ್ರೂ ಮೊದಲ ವರ್ಷ ಖಾಲಿ ಜೇಬಲ್ಲಿ ಈ ಮಾತು ನೆನಪಿಟ್ಕೊಳ್ಳೋದು ಕಷ್ಟ ಇದೆ.

ಬಜೆಟ್ ಶೀಟ್

ಅದಕ್ಕೇ ಜಾಹೀರಾತು. ಸಿನಿಮಾ ಹೆಸರು ಕೊಡುತ್ತೆ, ಬಾಡಿಗೆ ಕಟ್ಟೋದು ಜಾಹೀರಾತು.

ಹಳೇ ರಿಜಿಸ್ಟರ್

ಸರಿ, ಜಾಹೀರಾತು.

ಸಿನಿಮಾಗೆ ತಿಂಗಳುಗಳು ಸಿಕ್ಕರೆ ಇಲ್ಲಿ ಸಿಗೋದು ವಾರ, ಕೆಲವು ಸಲ ಮೂರು ದಿನ. ಒಪ್ಪಬೇಕಾದವರು ಮೂರು ಮನೆಯವರು: ನಿರ್ದೇಶಕರು, ಜಾಹೀರಾತು ಏಜೆನ್ಸಿ, ವಸ್ತು ಮಾರೋ ಕ್ಲೈಂಟ್. ಎತ್ತು ಏರಿಗೆ, ಕೋಣ ನೀರಿಗೆ. ನಿರ್ದೇಶಕರಿಗೆ ಮುಖದಲ್ಲಿ ಗುಣ ಬೇಕು, ಏಜೆನ್ಸಿಗೆ ಸ್ಟೋರಿಬೋರ್ಡ್‌ನಲ್ಲಿ ಬರೆದ ಚಿತ್ರದ ಥರವೇ ಬೇಕು, ಕ್ಲೈಂಟ್‌ಗೆ "ನಮ್ಮ ಗ್ರಾಹಕರ ಥರ ಇರಬೇಕು, ಆದ್ರೆ ಇನ್ನೂ ಸ್ವಲ್ಪ ಚೆನ್ನಾಗಿರಬೇಕು." ಹದಿನೈದು ಸೆಕೆಂಡ್‌ನಲ್ಲಿ ಪಾತ್ರ ಬೆಳೆಯೋಕೆ ಸಮಯ ಇಲ್ಲ, ಮುಖ ಕಂಡ ತಕ್ಷಣ ಇವರು ಯಾರು ಅಂತ ತಿಳೀಬೇಕು. ಮಾತೇ ಇಲ್ಲದ ಆಡಿಷನ್‌ಗಳೇ ಜಾಸ್ತಿ: ಬಾಗಿಲು ತೆಗಿ, ಯಾರೋ ಬಂದಿದ್ದಾರೆ, ಗುರುತು ಹಿಡಿ, ನಗು. ನಾಲ್ಕು ಸೆಕೆಂಡ್. ಅಷ್ಟರಲ್ಲಿ ಸುಳ್ಳು ಕಾಣಿಸದ ಹಾಗೆ ನಗೋದು ಎಷ್ಟು ಕಷ್ಟ ಅಂತ ಒಂದು ದಿನ ಕ್ಯಾಮೆರಾ ಹಿಂದೆ ನಿಂತವರಿಗೆ ಗೊತ್ತು.

ಇದಕ್ಕಿಂತ ಮುಖ್ಯವಾದ್ದು ಆಡಿಷನ್ ಆದ್ಮೇಲಿನ ಕೆಲಸ. ನನ್ನ ಮರ್ಯಾದೆ ಹೋದ ಕಥೆ ಕೇಳಿ. ಸ್ವಂತವಾಗಿ ಶುರು ಮಾಡಿ ಎರಡನೇ ವರ್ಷ. ಒಂದು ಸೋಪಿನ ಜಾಹೀರಾತು. ನಟಿಯನ್ನ ಎಲ್ಲರೂ ಒಪ್ಪಿದ್ರು, ಬಟ್ಟೆ ಅಳತೆ ಆಯ್ತು, ಬೆಳಿಗ್ಗೆ ಆರಕ್ಕೆ ಶೂಟಿಂಗ್. ಹಿಂದಿನ ರಾತ್ರಿ ಹತ್ತಕ್ಕೆ ಕ್ಲೈಂಟ್ ಕಡೆಯಿಂದ ಒಂದು ವಿಡಿಯೋ ಬಂತು. ಅದೇ ನಟಿ, ಇನ್ನೊಂದು ಸೋಪು, ಒಪ್ಪಂದಕ್ಕೆ ಇನ್ನೂ ಐದು ತಿಂಗಳು ಬಾಕಿ. ಆಕೆ ಮುಚ್ಚಿಟ್ಟಿರಲಿಲ್ಲ. ಬೇರೆ ದೇಶಕ್ಕೆ ಅಂತ ಮಾಡಿದ್ದು, ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂದ್ಕೊಂಡಿದ್ರು. ನಾನು "ಇದೇ ಥರದ ವಸ್ತುವಿಗೆ ಈಗ ಎಲ್ಲಾದರೂ ಒಪ್ಪಂದ ಇದ್ಯಾ" ಅಂತ ಕೇಳಬೇಕಿತ್ತು, ಕೇಳಿರಲಿಲ್ಲ. ಎರಡನೇ ಆಯ್ಕೆಯ ನಟಿಯನ್ನ ರಾತ್ರಿ ಒಂದು ಗಂಟೆಗೆ ಎಬ್ಬಿಸಿದೆ. ಆಕೆ ಬಂದ್ರು, ಜಾಹೀರಾತು ಆಯ್ತು. ಆ ಕ್ಲೈಂಟ್ ನನ್ನನ್ನ ಮತ್ತೆ ಕರೀಲಿಲ್ಲ. ಕರೆಯದೇ ಇದ್ದದ್ದು ಸರಿಯೇ.

ಅಂದಿನಿಂದ ಆಡಿಷನ್ ಫಾರಂನಲ್ಲೇ ಕೇಳ್ತೀನಿ: ಇದೇ ವರ್ಗದ ವಸ್ತುವಿಗೆ ಮಾಡಿದ ಜಾಹೀರಾತು ಯಾವುದು, ಯಾವ ದೇಶಕ್ಕೆ, ಯಾವಾಗ ಮುಗಿಯುತ್ತೆ. ನಟರಿಗೂ ಮೊದಲೇ ಹೇಳಬೇಕು: ಎಷ್ಟು ದಿನದ ಶೂಟಿಂಗ್, ಎಲ್ಲೆಲ್ಲಿ ತೋರಿಸ್ತಾರೆ, ಟಿವಿ ಮಾತ್ರವಾ ಡಿಜಿಟಲ್ಲಾ ಹೋರ್ಡಿಂಗೂ ಸೇರಿದ್ಯಾ, ಎಷ್ಟು ವರ್ಷ. ದಿನದ ಕೂಲಿ ಒಂದು, ಮುಖವನ್ನ ಬಳಸೋ ಹಕ್ಕು ಇನ್ನೊಂದು, ಅವಧಿ ಮುಗಿದ ಮೇಲೂ ಬಳಸಬೇಕಾದ್ರೆ ಮತ್ತೆ ದುಡ್ಡು. ಇದನ್ನ ಬಿಡಿಸಿ ಹೇಳದೆ ಒಂದೇ ಮೊತ್ತ ಹೇಳೋರು ಬಹಳ.

ಆಮೇಲೆ ಹೋಲ್ಡ್. "ಹದಿನಾಲ್ಕು, ಹದಿನೈದು ಖಾಲಿ ಇಟ್ಕೊಳ್ಳಿ" ಅಂತ ಪ್ರತಿ ಪಾತ್ರಕ್ಕೂ ಮೂವರಿಗೆ ಹೇಳಿರ್ತೀರಿ. ಒಬ್ಬರು ಪಕ್ಕಾ ಆಗ್ತಾರೆ. ಉಳಿದ ಇಬ್ಬರಿಗೆ ಅದೇ ಸಂಜೆ ಫೋನ್ ಮಾಡಿ ಬಿಡುಗಡೆ ಮಾಡಿ. ಆ ರಾತ್ರಿ ಎದ್ದು ಬಂದ ನಟಿ ಯಾಕೆ ಬಂದ್ರು ಗೊತ್ತಾ? ಹಿಂದಿನ ದಿನ ಸಂಜೆ "ಈ ಸಲ ಆಗಲಿಲ್ಲ, ನಿಮ್ಮ ಡೇಟ್ಸ್ ಬಿಟ್ಟಿದ್ದೀನಿ" ಅಂತ ನಾನು ಹೇಳಿದ್ದೆ. ಹಾಗೆ ಹೇಳಿದ ಮೊದಲ ಮನುಷ್ಯ ನಾನೇ ಅಂತೆ.

ಪಕ್ಕದ ಪಾತ್ರ

ಇದನ್ನ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಬೇಕು. ಒಂದು ಹೋಲ್ಡ್ ಮೆಸೇಜ್‌ಗೋಸ್ಕರ ನಾನು ನಾಟಕದ ಎರಡು ಪ್ರದರ್ಶನ ಬಿಟ್ಟೆ. ಶೂಟಿಂಗ್ ಮುಗಿದು ಜಾಹೀರಾತು ಟಿವಿಯಲ್ಲಿ ಬಂದಾಗ ಗೊತ್ತಾಯ್ತು ನಾನು ಆಯ್ಕೆ ಆಗಿಲ್ಲ ಅಂತ.

ತೆರಿ ಹಿಂದ

ನಂದೊಂದು ಮಾತು ಅದರೀ. ನಾನು ಹೆಚ್ಚಾಗಿ ನಟರಲ್ಲದವರನ್ನ ಹುಡುಕಾಂವ. ಬಸ್ ಸ್ಟ್ಯಾಂಡು, ಸಂತಿ, ಶಾಲಿ ಗೇಟು, ಕುಸ್ತಿ ಮನಿ, ಎಲ್ಲಾ ಕಡೆ ನಿಂತೀನಿ. ಪೊಲೀಸರು ಎರಡು ಸಲ "ಯಾಕ ನಿಂತೀಯಪಾ ಇಲ್ಲಿ" ಅಂತ ಕೇಳ್ಯಾರ.

ಸ್ವಂತ ಮಾಡಾಕ ಹೊಂಟೀರಿ ಅಂದ್ರ ಇದನ್ನ ಕಲೀರಿ. ಕಂಪನಿ ಪಟ್ಟಿ ಇಲ್ಲ ಅಂತ ಅಳೂದು ಬ್ಯಾಡ, ಊರಾಗ ಇದ್ದಾವರೆಲ್ಲ ನಿಮ್ಮ ಪಟ್ಟೀನ. ಆದ್ರ ನಟನಾಗಿರೂದು ಬ್ಯಾರೆ, ಕ್ಯಾಮೆರಾ ಮುಂದ ತಾನು ತಾನಾಗಿ ಇರೂದು ಬ್ಯಾರೆ. ಡೈಲಾಗ್ ಕಾಗದ ಕೊಟ್ರ ಅವರು ಸಾಲಿ ಹುಡುಗರಂಗ ಒಪ್ಪಿಸ್ತಾರ. ಕೊಡಬ್ಯಾಡ್ರಿ. ಮಾತಾಡಿಸ್ರಿ, ಅವರ ಕೆಲಸ ಮಾಡಿ ತೋರಿಸಂತ ಹೇಳ್ರಿ, ಕ್ಯಾಮೆರಾ ಬಾಜೂಕ ಸುಮ್ನ ಇರ್ಲಿ. ಕೈ ಕೆಲಸ ಮಾಡ್ತಿದ್ರ ಮುಖ ಸುಳ್ಳು ಹೇಳೂದಿಲ್ಲ.

ಇಟಲಿಯೊಳಗ 1948ರಾಗ 'ಬೈಸಿಕಲ್ ಥೀವ್ಸ್' ಮಾಡಿದಾಗ ಹೀರೋ ಪಾತ್ರಕ್ಕ ಲಾಂಬೆರ್ಟೊ ಮಜ್ಜೊರಾನಿ ಅಂತ ಫ್ಯಾಕ್ಟರಿ ಕೆಲಸಗಾರನ್ನ ಹಾಕಿದ್ರು. ಜಗತ್ತೆಲ್ಲ ಹೊಗಳಿತು. ಮುಂದ ಆತನ ಫ್ಯಾಕ್ಟರಿ ಕೆಲಸ ಹೋತು. ಸಿನಿಮಾದಾಗೂ ಆಂವಂಗ ಹೇಳಿಕೊಳ್ಳುವಂಥ ಬದುಕು ಆಗ್ಲಿಲ್ಲ. ಇದನ್ನ ನಾ ಯಾವಾಗ್ಲೂ ನೆನಿತೀನಿ. ಅಡ್ಡಾಡೋ ಮನಷ್ಯಾನ್ನ ಹಿಡದು ಪರದಿ ಮ್ಯಾಲ ಹಾಕ್ತೀವಿ, ಶೂಟಿಂಗ್ ಮುಗದ ಮರುದಿನ ಆಂವ ಎಲ್ಲಿ ಹೋಗ್ತಾನ? ಕೆಲಸ ಬಿಡಬ್ಯಾಡೋ ಮಾರಾಯಾ, ರಜಾ ಹಾಕಿ ಬಾ ಅಂತ ನಾನ ಹೇಳ್ತೀನಿ. ಮಾಲಕನ್ನ ಭೆಟ್ಟಿಯಾಗಿ ಮಾತಾಡಿದ್ದೂ ಅದ.

ಬಾಗಿಲು ತೆರೆದಿರಲಿ

ಯಾರೂ ಹೇಳದ ವಿಷಯ ನಾನು ಹೇಳ್ತೀನಿ. ನೀವು ಈಗ ಸ್ವತಂತ್ರ, ಅಂದ್ರೆ ಆಫೀಸ್ ಇಲ್ಲ. ಹಾಗಂತ ಮನೆಯಲ್ಲಿ, ಹೋಟೆಲ್ ರೂಮಲ್ಲಿ, ಫ್ಲ್ಯಾಟಲ್ಲಿ ಆಡಿಷನ್ ಮಾಡಬೇಡಿ. ನೀವು ಹೆಂಗಸು ಅನ್ನೋದು ಇದಕ್ಕೆ ವಿನಾಯಿತಿ ಅಲ್ಲ. ಡ್ಯಾನ್ಸ್ ಕ್ಲಾಸ್ ಹಾಲ್, ರಿಹರ್ಸಲ್ ರೂಮ್ ಗಂಟೆ ಲೆಕ್ಕಕ್ಕೆ ಸಿಗುತ್ತೆ. ಒಳಗೆ ಯಾವಾಗಲೂ ಇಬ್ಬರು ಇರಬೇಕು, ಹೊರಗೆ ಕಾಯೋರಿಗೆ ಕುರ್ಚಿ ಇರಬೇಕು, ಜೊತೆಗೆ ಬಂದವರನ್ನ ಹೊರಗೆ ಕಳಿಸಬಾರದು. ಪಾತ್ರದಲ್ಲಿ ಮುತ್ತು, ಹೊಡೆದಾಟ, ಬಟ್ಟೆ ಕಡಿಮೆ ಇದ್ರೆ ಅದನ್ನ ಕರೆಯೋವಾಗಲೇ ಬರೆದು ತಿಳಿಸಿ, ಆಡಿಷನ್‌ನಲ್ಲಿ ಮಾಡಿಸಲೇಬೇಡಿ. ಮಕ್ಕಳಾದ್ರೆ ಅಪ್ಪ-ಅಮ್ಮ ಕಣ್ಣಿಗೆ ಕಾಣೋ ಜಾಗದಲ್ಲೇ ಇರಲಿ.

ಟೇಪ್‌ಗಳು ಯಾರ ಕೈಗೆ ಹೋಗ್ತವೆ ಅನ್ನೋದೂ ನಿಮ್ಮ ಹೊಣೆ. ವಾಟ್ಸಾಪ್ ಗುಂಪಲ್ಲಿ ಹಾಕಿದ ಆಡಿಷನ್ ಟೇಪ್ ಯಾವುದೋ ಪೇಜ್‌ನಲ್ಲಿ ತಮಾಷೆಯಾಗಿ ಓಡಾಡಿದ್ದನ್ನ ನೋಡಿದ್ದೀನಿ. ಆ ಹುಡುಗಿ ಮತ್ತೆ ಯಾವ ಆಡಿಷನ್‌ಗೂ ಹೋಗಲಿಲ್ಲ. ಪಾಸ್‌ವರ್ಡ್ ಇರೋ ಲಿಂಕ್ ಕಳಿಸಿ, ಕೆಲಸ ಮುಗಿದ ಮೇಲೆ ಮುಚ್ಚಿ.

ಗಾಳಿಮಾತು

ಈಗೆಲ್ಲ ಸೆಲ್ಫ್ ಟೇಪ್ ಅಲ್ವಾ, ನಟರೇ ತಮ್ಮ ಆಡಿಷನ್ ಶೂಟ್ ಮಾಡಿ ಕಳಿಸ್ತಾರೆ, ರೂಮೇ ಯಾಕೆ? ಇನ್ನೆರಡು ವರ್ಷಕ್ಕೆ ಎಐ ಮುಖಾನೇ ಮಾಡಿಕೊಡುತ್ತೆ, ಕಾಸ್ಟಿಂಗೇ ಬೇಕಾಗಲ್ಲ.

ಹಳೇ ರಿಜಿಸ್ಟರ್

ಸೆಲ್ಫ್ ಟೇಪ್ ಮೊದಲ ಸುತ್ತಿಗೆ ಒಳ್ಳೇದು. ದೂರದವರಿಗೆ ಬಾಗಿಲು ತೆರೀತು, ಒಪ್ತೀನಿ. ಆದ್ರೆ ಮೊದಲು ನಾವು ಮಾಡ್ತಿದ್ದ ಲೈಟು, ಕ್ಯಾಮೆರಾ, ಎದುರು ಓದೋ ಕೆಲಸ ಈಗ ನಟನ ತಲೆ ಮೇಲೆ ಬಿತ್ತು. ಸಂಜೆ ಏಳಕ್ಕೆ ಹತ್ತು ಪುಟ ಕಳಿಸಿ ಬೆಳಿಗ್ಗೆಗೆ ಟೇಪ್ ಕೇಳೋರಿದ್ದಾರೆ. ಅಮೆರಿಕದ ನಟರ ಒಕ್ಕೂಟ ಸ್ಯಾಗ್-ಆಫ್ಟ್ರಾ 2023ರಲ್ಲಿ 118 ದಿನ ಮುಷ್ಕರ ಮಾಡಿದ ಮೇಲೆ ಬಂದ ಒಪ್ಪಂದದಲ್ಲಿ ಇದಕ್ಕೂ ಮಿತಿ ಹಾಕಿಸ್ತು: ಮೊದಲ ಆಡಿಷನ್‌ಗೆ ಎಂಟು ಪುಟಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ, ಕನಿಷ್ಠ 48 ಗಂಟೆ ಸಮಯ ಕೊಡಬೇಕು. ನಟನ ಡಿಜಿಟಲ್ ಪ್ರತಿರೂಪ ಮಾಡೋದಾದ್ರೆ ಒಪ್ಪಿಗೆ ತಗೋಬೇಕು ಅನ್ನೋದೂ ಅದರಲ್ಲೇ ಇದೆ. ನಮಗೆ ಯಾವ ಒಕ್ಕೂಟವೂ ಹೇಳದಿದ್ರೂ ಎರಡು ಪುಟ, ಎರಡು ದಿನ ಅನ್ನೋದನ್ನ ನಾವೇ ಇಟ್ಕೋಬಹುದು.

ಎಐ ಹೆದರಿಕೆ ನನಗೂ ಇದೆ, ಸುಳ್ಳು ಹೇಳಲ್ಲ. ಜಾಹೀರಾತಿನಲ್ಲಿ ಹಿಂದೆ ನಿಂತು ನಗೋ ಮುಖಗಳು ಮೊದಲು ಹೋಗ್ತವೆ ಅನ್ಸುತ್ತೆ, ಮತ್ತೆ ಹೊಸಬರು ಕೆಲಸ ಕಲೀತಿದ್ದದ್ದು ಅಲ್ಲೇ. ಪಕ್ಕದ ರೂಮಲ್ಲಿ ಮಗು ಮಲಗಿದೆ ಅಂದಾಗ ದನಿ ಇಳಿಸೋದನ್ನ ಮರೆತು ಕೈ ಮಾತ್ರ ಇಳಿಸಿದ ಒಬ್ಬ ಹುಡುಗನನ್ನ ನೋಡಿದ್ದೆ. ಅಂಥ ತಪ್ಪನ್ನ ಬೇಕು ಅಂತ ಕೇಳೋಕೆ ಮೊದಲು ಅದನ್ನ ನೋಡಿರಬೇಕಲ್ಲ.

ಮೂರನೇ ಟೇಕ್

ಒಂದೂವರೆ ತಿಂಗಳ ನಂತರ ಬರೀತಿದ್ದೀನಿ, ಕ್ಷಮಿಸಿ.

ಕೆಲಸ ಬಿಟ್ಟೆ. ಪರ್ಸೆಂಟೇಜ್ ಬೇಡ ಅಂದೆ, ಹನ್ನೊಂದು ಪಾತ್ರ ಮಾತ್ರ ಅಂದೆ. ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೇ ದಿನ ಹದಿನಾಲ್ಕು ಪಾತ್ರಕ್ಕೆ ಒಪ್ಪಂದ ಆಯ್ತು, ಮೂರು ಕಂತು, ಒಂಟಿ ಕ್ರೆಡಿಟ್ (ಬಜೆಟ್ ಶೀಟ್ ಸರ್, ನಿಮ್ಮ ಪುಣ್ಯ). ಮೊದಲ ಕಂತು ಎಂಟು ದಿನ ತಡವಾಗಿ ಬಂತು. ಎರಡನೇದು ಇನ್ನೂ ಬರಬೇಕು.

ಒಂಬತ್ತು ಪಾತ್ರ ಪಕ್ಕಾ. ಅಜ್ಜಿ ಪಾತ್ರ ಸಿಕ್ಕಿಲ್ಲ. ನಿರ್ದೇಶಕರಿಗೆ "ಮುದ್ದು ಅಜ್ಜಿ" ಬೇಕು, ನನಗೆ ಆ ಅಜ್ಜಿ ಮುದ್ದು ಅಂತ ಅನಿಸ್ತಿಲ್ಲ. ಆಕೆ ಲೆಕ್ಕಾಚಾರದ ಹೆಂಗಸು. ತೆರಿ ಹಿಂದ ಅಣ್ಣಾವ್ರು ಹೇಳಿದ ಹಾಗೆ ಸಂತೆಯಲ್ಲಿ ನಿಂತೆ. ಮೂರನೇ ದಿನ ದುಡ್ಡು ಎಣಿಸ್ತಾ ಕೂತಿದ್ದ ಒಬ್ಬರು ಸಿಕ್ಕಿದ್ರು. ನಟಿಸೋಕೆ ಬರಲ್ಲ ಅಂದ್ರು, ದಿನಕ್ಕೆಷ್ಟು ಕೊಡ್ತೀರಿ ಅಂತ ಕೇಳಿದ್ರು, ನಾನು ಹೇಳಿದ್ದಕ್ಕೆ ನಕ್ಕು ಎಣಿಕೆ ಮುಂದುವರಿಸಿದ್ರು. ಟೇಪ್ ಕಳಿಸಿದ್ದೀನಿ, ಉತ್ತರ ಬಂದಿಲ್ಲ. ಜೊತೆಗೆ ಇಬ್ಬರು ಮುದ್ದು ಅಜ್ಜಿಯರನ್ನೂ ಕಳಿಸಿದ್ದೀನಿ.

ಬೇಡ ಅಂದವರಿಗೆಲ್ಲ ಫೋನ್ ಮಾಡ್ತಿದ್ದೀನಿ. ನೂರ ಆರು ಜನ. ಎಪ್ಪತ್ತು ಮುಗೀತು. ಚಿಕ್ಕಮ್ಮನ ಅಳಿಯನಿಗೂ ಮಾಡಿದೆ, ಚಿಕ್ಕಮ್ಮ ಮಾತು ಬಿಟ್ಟಿದ್ದಾರೆ.

ತೆರಿ ಹಿಂದ

ಆ ಎಣಿಸೋ ಅಜ್ಜಿ ಬ್ಯಾಡ ಅಂದ್ರ ನನಗ ನಂಬರ್ ಕೊಡ್ರಿ. ಅವರನ್ನ ಕೇಳಿ ಕೊಡ್ರಿ ಮತ್ತ.

ಪಕ್ಕದ ಪಾತ್ರ

ಆ ನೂರ ಆರರಲ್ಲಿ ನಾನೂ ಒಬ್ಬ ಅನ್ಸುತ್ತೆ. ನಿನ್ನೆ ಸಂಜೆ ಫೋನ್ ಬಂತು, ಡಾಕ್ಟರ್ ಪಾತ್ರ, ಆಗಲಿಲ್ಲ ಅಂತ. ಹೌದಾದ್ರೆ ಒಂದು ಕೇಳ್ಬೇಕಿತ್ತು, ಫೋನಲ್ಲಿ ಮರೆತೆ. ಮುಂದಿನ ಸಲ ಟೇಪ್ ಅಡ್ಡ ಶೂಟ್ ಮಾಡ್ಲಾ, ಉದ್ದಾನಾ?

ಮೂರನೇ ಟೇಕ್

ಅಡ್ಡ ಸರ್. ಉದ್ದ ಬೇಕಿದ್ರೆ ನಾನೇ ಹೇಳ್ತೀನಿ. ಆಮೇಲೆ ಡಾಕ್ಟರ್ ಕೋಟು ಬೇಡ.